ಪೂರ್ವಭಾಗ, ಉತ್ತರಭಾಗ: ‘ಚಿಕನ್ ರನ್’ ಚಿತ್ರಗಳೆರಡರ ತುಲನಾತ್ಮಕ ವಿವೇಚನೆ

1

ಜನಮನ್ನಣೆಗೆ ಪಾತ್ರವಾದ ಕೃತಿಯೊಂದಕ್ಕೆ ಉತ್ತರಭಾಗವೊಂದು ಹುಟ್ಟುವುದು ಹೊಸ ಪದ್ಧತಿಯೇನೂ ಅಲ್ಲ. ‘ಮಹಾವೀರಚರಿತ’ವನ್ನು ಬರೆದ ಭವಭೂತಿಯೇ ‘ಉತ್ತರರಾಮಚರಿತ’ವನ್ನೂ ಬರೆದನು, ಬಾಣನು ಮುಗಿಸದೆ ಬಿಟ್ಟ ‘ಕಾದಂಬರಿ’ಯನ್ನು ಅವನ ಮಗನು ಮುಗಿಸಿದನು. ಮೊದಲನೆಯ ನಿದರ್ಶನದಲ್ಲಿ ಉತ್ತರಭಾಗವೇ ಮಿಗಿಲಾಯಿತೆಂಬುದು ಸಹೃದಯರ ಬಹುಕಾಲದ ಅಭಿಪ್ರಾಯ. ಎರಡನೆಯದರಲ್ಲಿ ಮಗನು ತಂದೆಯ ಎತ್ತರವನ್ನು ಮುಟ್ಟಲಿಲ್ಲವೆಂಬುದೂ ಅಷ್ಟೇ ರೂಢವಾದ ಮಾತು. ಈ ವ್ಯತ್ಯಾಸದ ಕಾರಣವನ್ನು ಪ್ರತಿಭೆಯ ಹೆಚ್ಚುಕಡಿಮೆಯಲ್ಲಿ ಮಾತ್ರ ಹುಡುಕಿದರೆ ಸಾಲದು. ‘ಕಾದಂಬರಿ’ಯ ಉತ್ತರಭಾಗಕ್ಕಿದ್ದ ಕೆಲಸ ಕಥೆಯನ್ನು ದಡ ಮುಟ್ಟಿಸುವುದು; ಭವಭೂತಿಯ ಎರಡನೆಯ ನಾಟಕಕ್ಕಿದ್ದ ಕೆಲಸ, ಮೊದಲ ನಾಟಕದ ಗೆಲುವಿನೊಳಗೇ ಅಡಗಿದ್ದ ನೋವನ್ನು ಹೊರತರುವುದು. ಯುದ್ಧವನ್ನು ಗೆದ್ದು ಸಿಂಹಾಸನವನ್ನೇರಿದವನಿಗೆ ಆ ಸಿಂಹಾಸನವೇ ಏನು ಮಾಡಿತು ಎಂಬ ಪ್ರಶ್ನೆ ಅಲ್ಲಿ ಹೊಸದಾಗಿ ಏಳುತ್ತದೆ. ಪೂರ್ವಭಾಗವು ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಬಲ್ಲ ಉತ್ತರಭಾಗಕ್ಕೆ ಮಾತ್ರವೇ ಸ್ವತಂತ್ರವಾಗಿ ಬಾಳುವ ಯೋಗ್ಯತೆಯುಂಟು ಎಂದು ಇದರಿಂದ ಸೂತ್ರಪ್ರಾಯವಾಗಿ ಹೇಳಬಹುದು.

ಈ ಸೂತ್ರವನ್ನು ನಾವು ಇಲ್ಲಿ ಪರೀಕ್ಷಿಸಹೊರಟಿರುವುದು ತೀರ ಬೇರೆಯಾದ ಒಂದು ಕ್ಷೇತ್ರದಲ್ಲಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆರ್ಡ್‌ಮನ್ ಸಂಸ್ಥೆಯು ನಿರ್ಮಿಸಿದ ‘ಚಿಕನ್ ರನ್’ ಎಂಬ ಹಾಸ್ಯಪ್ರಧಾನ ಅನಿಮೇಷನ್ ಚಿತ್ರವು 2000ದಲ್ಲಿ ಬಿಡುಗಡೆಯಾಯಿತು. ಇದಾದ 23 ವರ್ಷಗಳ ಅನಂತರ, 2023ರ ಡಿಸೆಂಬರಿನಲ್ಲಿ, ‘ಚಿಕನ್ ರನ್: ಡಾನ್ ಆಫ್ ದಿ ನಗೆಟ್’ ಎಂಬ ಅದರ ಉತ್ತರಭಾಗವು ನೆಟ್‌ಫ್ಲಿಕ್ಸ್ ಮೂಲಕ ಲೋಕಕ್ಕೆ ಬಂದಿತು. ಎರಡರಲ್ಲಿಯೂ ಪಾತ್ರಗಳು ಕೋಳಿಗಳು; ಎರಡರ ಉದ್ದೇಶವೂ ನಗಿಸುವುದು. ಇಂಥ ವಸ್ತುವಿಗೆ ಇತಿಹಾಸದ ಅಧ್ಯಾಪಕರು ಕೈಹಾಕುವುದೇಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಒಂದು ಜನಾಂಗವು ತನ್ನ ಘೋರ ಅನುಭವವನ್ನು ಮೊದಲು ವರದಿಯಾಗಿ, ಆಮೇಲೆ ವೀರಕಥೆಯಾಗಿ, ಕೊನೆಗೆ ಹಾಸ್ಯವಾಗಿ ಹೇಳಿಕೊಳ್ಳುತ್ತದೆ. ಮೂರನೆಯ ಘಟ್ಟದಲ್ಲಿ ಹುಟ್ಟಿದ ಕೃತಿಯೂ ಮೊದಲೆರಡರಂತೆಯೇ ಇತಿಹಾಸಕಾರನಿಗೆ ಆಕರವಾಗುತ್ತದೆ. ‘ಚಿಕನ್ ರನ್’ ಅಂಥ ಮೂರನೆಯ ಘಟ್ಟದ ಕೃತಿ. ಅದರ ಉತ್ತರಭಾಗವು ಅದಕ್ಕೆ ಸರಿದೊರೆಯೇ ಎಂಬ ಪ್ರಶ್ನೆಯನ್ನು ಈ ನೆಲೆಯಿಂದ ಕೇಳಿದಾಗ, ಅದು ಕೇವಲ ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

2

ಮೊದಲ ಚಿತ್ರದ ನಿರ್ದೇಶಕರು ಪೀಟರ್ ಲಾರ್ಡ್ ಮತ್ತು ನಿಕ್ ಪಾರ್ಕ್. ಚಿತ್ರಕಥೆ ಕ್ಯಾರಿ ಕರ್ಕ್‌ಪ್ಯಾಟ್ರಿಕ್ ಅವರದು. ಇದರ ತಂತ್ರ ಸ್ಟಾಪ್ ಮೋಷನ್ ಎಂಬುದು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸಿ ಇನ್ನೊಂದು ತೆಗೆಯುವುದು. ಹೀಗೆ ತೆಗೆದ 24 ಚಿತ್ರಗಳು ತೆರೆಯ ಮೇಲೆ ಒಂದು ಸೆಕೆಂಡಿನಲ್ಲಿ ಸರಿದುಹೋಗುತ್ತವೆ. 84 ನಿಮಿಷಗಳ ಈ ಚಿತ್ರವು ಲೋಕದಾದ್ಯಂತ ಸುಮಾರು 22 ಕೋಟಿ ಡಾಲರುಗಳಿಗೂ ಹೆಚ್ಚಿನ ಗಳಿಕೆಯನ್ನು ಕಂಡು, ಈ ತಂತ್ರದಿಂದಾದ ಚಿತ್ರಗಳಲ್ಲಿ ಅಗ್ರಸ್ಥಾನವನ್ನು ಪಡೆಯಿತು.

ಕಥೆ ನಡೆಯುವುದು 1950ರ ದಶಕದ ಯಾರ್ಕ್‌ಶೈರಿನಲ್ಲಿ, ಟ್ವೀಡಿ ದಂಪತಿಗಳ ಕೋಳಿಸಾಕಣೆಯ ಕೇಂದ್ರದಲ್ಲಿ. ಸಾಲುಸಾಲಾದ ಮರದ ಗುಡಿಸಲುಗಳು, ಸುತ್ತ ಮುಳ್ಳುತಂತಿಯ ಬೇಲಿ, ನಾಯಿಗಳ ಕಾವಲು, ಬೆಳಗಿನ ಹಾಜರಿ. ಮೊಟ್ಟೆಯಿಡುವುದನ್ನು ನಿಲ್ಲಿಸಿದ ಹೇಂಟೆಗೆ ಕೊಡಲಿಯೇ ಗತಿ. ಜಿಂಜರ್ ಎಂಬ ಹೇಂಟೆಯು ಮತ್ತೆ ಮತ್ತೆ ತಪ್ಪಿಸಿಕೊಳ್ಳಲು ಯತ್ನಿಸುತ್ತಾಳೆ. ಪ್ರತಿಸಲವೂ ಸಿಕ್ಕಿಬಿದ್ದು ಕಲ್ಲಿದ್ದಲಿನ ತೊಟ್ಟಿಯಲ್ಲಿ ಒಂಟಿಸೆರೆಯನ್ನು ಅನುಭವಿಸುತ್ತಾಳೆ. ತಾನೊಬ್ಬಳೇ ಅಲ್ಲ, ಎಲ್ಲರೂ ಪಾರಾಗಬೇಕೆಂಬುದು ಅವಳ ಹಠ. ಮೊಟ್ಟೆಯ ವ್ಯಾಪಾರದ ಪುಡಿಗಾಸಿನಿಂದ ಬೇಸತ್ತ ಶ್ರೀಮತಿ ಟ್ವೀಡಿಯು ಕೋಳಿಗಳನ್ನೇ ಮಾಂಸದ ಹೂರಣದ ‘ಪೈ’ಗಳನ್ನಾಗಿ ಮಾಡುವ ಯಂತ್ರವನ್ನು ತರಿಸುತ್ತಾಳೆ. ಬೇಲಿಯಾಚೆಯಿಂದ ಹಾರಿಬಂದ ರಾಕಿ ಎಂಬ ಅಮೆರಿಕನ್ ಹುಂಜನು ಎಲ್ಲರಿಗೂ ಹಾರಲು ಕಲಿಸುವುದಾಗಿ ಮಾತು ಕೊಡುತ್ತಾನೆ. ಅವನು ಹಾರಿದುದು ರೆಕ್ಕೆಯ ಬಲದಿಂದಲ್ಲ, ಸರ್ಕಸ್ಸಿನ ಫಿರಂಗಿಯ ಬಲದಿಂದ ಎಂಬುದು ತಡವಾಗಿ ಬಯಲಾಗುತ್ತದೆ. ಕೊನೆಗೆ ಕೋಳಿಗಳು ತಮ್ಮ ಗುಡಿಸಲುಗಳ ಮರವನ್ನೇ ಕಿತ್ತು ವಿಮಾನವೊಂದನ್ನು ಕಟ್ಟಿ ಬೇಲಿಯನ್ನು ದಾಟುತ್ತವೆ.

ಇಂಗ್ಲೆಂಡಿನ ಪ್ರೇಕ್ಷಕನಿಗೆ ಇದರ ಮೂಲವನ್ನು ವಿವರಿಸಿ ಹೇಳಬೇಕಾದ ಅಗತ್ಯವಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಕೈಗೆ ಸಿಕ್ಕಿದ ಬ್ರಿಟಿಷ್ ಯುದ್ಧಕೈದಿಗಳ ಪಲಾಯನದ ಕಥೆಗಳು ‘ದಿ ವುಡನ್ ಹಾರ್ಸ್’ (1950), ‘ದಿ ಕೋಲ್ಡಿಟ್ಸ್ ಸ್ಟೋರಿ’ (1955) ಮೊದಲಾದ ಚಿತ್ರಗಳ ಮೂಲಕ ಮನೆಮಾತಾಗಿದ್ದವು. ಹಾಲಿವುಡ್ಡಿನ ‘ಸ್ಟಾಲಾಗ್ 17’ (1953), ‘ದಿ ಗ್ರೇಟ್ ಎಸ್ಕೇಪ್’ (1963) ಇವೂ ಅದೇ ವರ್ಗಕ್ಕೆ ಸೇರಿದವು. ಕೋಳಿಗಳು ಗುಟ್ಟಾಗಿ ಸಭೆ ಸೇರುವ ಗುಡಿಸಲಿನ ಸಂಖ್ಯೆ 17 ಆಗಿರುವುದು ಆಕಸ್ಮಿಕವಲ್ಲ. ಒಂಟಿಸೆರೆಯಲ್ಲಿ ಜಿಂಜರ್ ಗೋಡೆಗೆಸೆದು ಹಿಡಿಯುವ ಚೆಂಡು ‘ದಿ ಗ್ರೇಟ್ ಎಸ್ಕೇಪ್’ನ ನಾಯಕನ ಕೈಯಿಂದ ಬಂದುದು.

ಹಾಸ್ಯವು ಶೃಂಗಾರದ ಅನುಕರಣದಿಂದ ಹುಟ್ಟುತ್ತದೆಂದು ಭರತನು ಹೇಳಿದನು. ಅಭಿನವಗುಪ್ತನು ಇದನ್ನು ವಿಸ್ತರಿಸಿ, ಯಾವ ರಸದ ಆಭಾಸವಾದರೂ ಹಾಸ್ಯಕ್ಕೆ ಕಾರಣವಾಗಬಹುದೆಂದು ವಿವರಿಸಿದನು. ಈ ಮಾತು ನಮ್ಮ ಪ್ರಕೃತ ವಿಷಯಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ‘ಚಿಕನ್ ರನ್’ನ ನಗೆಯ ತಳದಲ್ಲಿರುವುದು ವೀರದ ಮತ್ತು ಕರುಣದ ಆಭಾಸ. ಹೇಂಟೆಯೊಂದು ಸೇನಾಪತಿಯಂತೆ ವ್ಯೂಹವನ್ನು ವಿವರಿಸುವಾಗ ನಾವು ನಗುತ್ತೇವೆ. ಆದರೆ ಆ ನಗೆಗೆ ಬೆಲೆ ಬರುವುದು, ವ್ಯೂಹ ಕೆಟ್ಟರೆ ಕೊಡಲಿ ಬೀಳುವುದು ಖಚಿತವೆಂದು ನಮಗೆ ಗೊತ್ತಿರುವುದರಿಂದ. ಎಡ್ವಿನಾ ಎಂಬ ಹೇಂಟೆಯ ವಧೆಯನ್ನು ನಿರ್ದೇಶಕರು ಕಥೆಯ ಆರಂಭದಲ್ಲಿಯೇ ಇಟ್ಟಿದ್ದಾರೆ. ತೆರೆಯ ಮೇಲೆ ರಕ್ತದ ಹನಿಯೂ ಕಾಣುವುದಿಲ್ಲ. ಆದರೂ ಒಂದು ಸಾವು ನಿಜವಾಗಿ ನಡೆದುಹೋಯಿತೆಂಬುದರಲ್ಲಿ ಮಗುವಿಗೂ ಸಂಶಯವುಳಿಯುವುದಿಲ್ಲ. ಮುಂದಿನ ಎಲ್ಲ ನಗೆಯೂ ಆ ಸಾವಿನ ನೆರಳಿನಲ್ಲಿಯೇ ನಡೆಯುತ್ತದೆ.

3

ಇಲ್ಲಿ ಇತಿಹಾಸದ ಒಂದು ಸಂಗತಿಯನ್ನು ನೆನೆಯುವುದು ಉಚಿತ. ಜರ್ಮನಿಯ ಕೋಲ್ಡಿಟ್ಸ್ ದುರ್ಗದಲ್ಲಿ ಸೆರೆಯಾಗಿದ್ದ ಬ್ರಿಟಿಷ್ ಅಧಿಕಾರಿಗಳು, ಯುದ್ಧದ ಕೊನೆಯ ತಿಂಗಳುಗಳಲ್ಲಿ, ಕಾವಲುಗಾರರ ಕಣ್ಣಿಗೆ ಮರೆಯಾದ ಅಟ್ಟವೊಂದರಲ್ಲಿ ಗ್ಲೈಡರ್ ವಿಮಾನವೊಂದನ್ನು ಕಟ್ಟಿದರು. ಮಂಚದ ಮತ್ತು ನೆಲದ ಹಲಗೆಗಳು ಅದರ ಎಲುಬಾದವು. ಮಲಗುವ ಚೀಲಗಳ ಬಟ್ಟೆ ಅದರ ಚರ್ಮವಾಯಿತು. ಊಟಕ್ಕೆ ಕೊಡುತ್ತಿದ್ದ ಕಿರುಧಾನ್ಯದ ಗಂಜಿಯನ್ನು ಬಳಿದು ಆ ಬಟ್ಟೆಯ ರಂಧ್ರಗಳನ್ನು ಮುಚ್ಚಿದರು. 1945ರ ಏಪ್ರಿಲಿನಲ್ಲಿ ಅಮೆರಿಕದ ಸೇನೆ ದುರ್ಗವನ್ನು ಬಿಡಿಸಿದ್ದರಿಂದ ಆ ವಿಮಾನವು ಹಾರಲೇ ಇಲ್ಲ. ಕೈದಿಗಳು ಅದಕ್ಕಿಟ್ಟಿದ್ದ ಹೆಸರು ‘ಕೋಲ್ಡಿಟ್ಸ್ ಕಾಕ್’, ಎಂದರೆ ಕೋಲ್ಡಿಟ್ಸಿನ ಹುಂಜ. ಅದರ ಪ್ರತಿಕೃತಿಯೊಂದು ಇಂಗ್ಲೆಂಡಿನ ಆಕಾಶದಲ್ಲಿ ಹಾರಿದುದು ‘ಚಿಕನ್ ರನ್’ ಬಿಡುಗಡೆಯಾದ 2000ದಲ್ಲಿಯೇ. ಚರಿತ್ರೆಯಲ್ಲಿ ಹಾರದೆ ಉಳಿದ ಹುಂಜವನ್ನು ಕಲೆಯು ಹಾರಿಸಿತೆಂದರೆ ಅತಿಶಯೋಕ್ತಿಯಾಗದು.

ಆದರೆ ಈ ಚಿತ್ರವು ಯುದ್ಧದ ನೆನಪನ್ನು ಕೇವಲ ಆರಾಧಿಸುವುದಿಲ್ಲ, ಪರೀಕ್ಷೆಗೂ ಗುರಿಮಾಡುತ್ತದೆ. ಫೌಲರ್ ಎಂಬ ಮುದಿ ಹುಂಜವು ರಾಯಲ್ ಏರ್ ಫೋರ್ಸಿನ ದಿನಗಳನ್ನು ಸದಾ ಬಣ್ಣಿಸುತ್ತಿರುತ್ತದೆ. ವಿಮಾನವನ್ನು ನಡೆಸಬೇಕಾಗಿ ಬಂದಾಗ, ತಾನೆಂದೂ ವಿಮಾನ ನಡೆಸಿದವನಲ್ಲ, ಪಡೆಯ ಮಂಗಳಪ್ರಾಣಿಯಾಗಿದ್ದವನು ಮಾತ್ರ ಎಂದು ಅದು ಒಪ್ಪಿಕೊಳ್ಳುತ್ತದೆ. ಹಿರಿಯರ ಯುದ್ಧಸ್ಮೃತಿಯಲ್ಲಿ ಎಷ್ಟು ಪಾಲು ಅನುಭವ, ಎಷ್ಟು ಪಾಲು ಉಪ್ಪುಖಾರ ಎಂಬ ಪ್ರಶ್ನೆಯನ್ನು ಇಷ್ಟು ಹಗುರವಾಗಿ, ಇಷ್ಟು ಮರ್ಯಾದೆಯಿಂದ ಎತ್ತಿದ ಕೃತಿಗಳು ವಿರಳ. ಏಕೆಂದರೆ ಮುದುಕನ ಸುಳ್ಳು ಬಯಲಾದ ಮೇಲೆಯೂ ವಿಮಾನವನ್ನು ನಡೆಸುವವನು ಅವನೇ. ರಾಕಿಯ ವಿಷಯವೂ ಹೀಗೆಯೇ. ನಿಜವಾದ ಪಲಾಯನವು ನಡೆದ 1944ರ ಮಾರ್ಚಿಗೆ ಕೆಲವು ತಿಂಗಳುಗಳ ಮೊದಲೇ ಅಮೆರಿಕನ್ ಕೈದಿಗಳನ್ನು ಬೇರೆ ಆವರಣಕ್ಕೆ ಸಾಗಿಸಲಾಗಿತ್ತು. ಅಂದು ಹೊರಬಿದ್ದ 76 ಜನರಲ್ಲಿ ಗುರಿ ಮುಟ್ಟಿದವರು ಮೂವರೇ. ಸಿಕ್ಕಿಬಿದ್ದವರಲ್ಲಿ 50 ಮಂದಿಯನ್ನು ಗುಂಡಿಟ್ಟು ಕೊಂದರು. ಹೀಗಿದ್ದರೂ ‘ದಿ ಗ್ರೇಟ್ ಎಸ್ಕೇಪ್’ ತನ್ನ ಕಥೆಯ ನಡುವೆ ಅಮೆರಿಕನ್ ನಾಯಕನನ್ನು ನಿಲ್ಲಿಸಿತು. ಆರ್ಡ್‌ಮನ್ನರ ಚಿತ್ರಕ್ಕೂ ಅಮೆರಿಕದ ಡ್ರೀಮ್‌ವರ್ಕ್ಸ್ ಸಂಸ್ಥೆಯ ಹಣ ಸೇರಿತ್ತು. ಅವರೂ ಅಮೆರಿಕನ್ ಹುಂಜನನ್ನು ನಡುವೆ ನಿಲ್ಲಿಸಿದರು. ಆದರೆ ಅವನ ಹಾರಾಟವೇ ಫಿರಂಗಿಯ ಮಾಯೆಯೆಂದು ತೋರಿಸಿ ಲೆಕ್ಕವನ್ನು ಚುಕ್ತಾಮಾಡಿದರು.

ಇವೆಲ್ಲಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಜಿಂಜರ್‌ಗೆ ಮುಳ್ಳುತಂತಿಗಿಂತ ದೊಡ್ಡ ಅಡ್ಡಿಯಾಗಿರುವುದು ಸಂಗಾತಿಗಳ ಮನಸ್ಸು. ಬೇಲಿಯಾಚೆಯ ಬದುಕನ್ನು ಅವರು ಊಹಿಸಲಾರರು. ಬ್ಯಾಬ್ಸ್ ಎಂಬ ಹೇಂಟೆಯಂತೂ, ಒಂಟಿಸೆರೆಯಿಂದ ಹಿಂದಿರುಗಿದ ಜಿಂಜರ್ ರಜಾ ಕಳೆದು ಬಂದಳೆಂದೇ ತಿಳಿಯುತ್ತಾಳೆ. ಈ ಮಾತಿಗೆ ನಾವು ನಗುತ್ತೇವೆ. ನಕ್ಕ ಮೇಲೆ ಸಣ್ಣದೊಂದು ಚಳಿಯೂ ಮೈಯಲ್ಲಿ ಹರಿಯುತ್ತದೆ. ಸೆರೆಯನ್ನು ಸೆರೆಯೆಂದು ಗುರುತಿಸುವುದೇ ಬಿಡುಗಡೆಯ ಮೊದಲ ಮೆಟ್ಟಿಲು, ಆ ಮೆಟ್ಟಿಲನ್ನು ಒಬ್ಬೊಬ್ಬರೂ ತಾವೇ ಹತ್ತಬೇಕು. ಇದೇ ಆ ಚಿತ್ರದ ತಿರುಳು. ವಿಮಾನದ ಪೆಡಲುಗಳನ್ನು ಎಲ್ಲ ಹೇಂಟೆಗಳೂ ಕೂಡಿ ತುಳಿಯುವ ಕೊನೆಯ ದೃಶ್ಯದಲ್ಲಿ ಈ ತಿರುಳು ಕಣ್ಣಿಗೆ ಕಾಣುವ ರೂಪವನ್ನು ಪಡೆಯುತ್ತದೆ.

4

ಈಗ ಉತ್ತರಭಾಗವನ್ನು ನೋಡೋಣ. ಇದರ ನಿರ್ದೇಶಕರು ಸ್ಯಾಮ್ ಫೆಲ್; ಚಿತ್ರಕಥೆಯಲ್ಲಿ ಕರ್ಕ್‌ಪ್ಯಾಟ್ರಿಕ್ ಅವರೊಡನೆ ಜಾನ್ ಓ’ಫ್ಯಾರೆಲ್ ಮತ್ತು ರೇಚಲ್ ಟನರ್ಡ್ ಸೇರಿದ್ದಾರೆ. ಜಿಂಜರ್ ಮತ್ತು ರಾಕಿ ಮನುಷ್ಯರ ಸುಳಿವಿಲ್ಲದ ದ್ವೀಪದಲ್ಲಿ ನೆಮ್ಮದಿಯಿಂದಿದ್ದಾರೆ. ಅವರಿಗೆ ಮೋಲಿ ಎಂಬ ಮಗಳು ಹುಟ್ಟಿದ್ದಾಳೆ. ಆಚೆ ದಡದಲ್ಲಿ ಕೋಳಿಗಳನ್ನು ಸಾಗಿಸುವ ಲಾರಿಗಳು ಕಾಣಿಸಿಕೊಂಡಾಗ, ಏನಾದರೂ ಮಾಡಬೇಕೆಂಬ ದನಿ ದ್ವೀಪದಲ್ಲಿ ಏಳುತ್ತದೆ. ಆದರೆ ಜಿಂಜರ್ ಆರಿಸಿಕೊಳ್ಳುವುದು ಅಡಗಿಕೊಳ್ಳುವ ಮಾರ್ಗವನ್ನು. ಕುತೂಹಲ ತಾಳದ ಮಗಳು ದ್ವೀಪವನ್ನು ಬಿಟ್ಟು ಹೋಗಿ, ಫ್ರಿಜಲ್ ಎಂಬ ಗೆಳತಿಯೊಡನೆ ‘ಫನ್-ಲ್ಯಾಂಡ್ ಫಾರ್ಮ್ಸ್’ ಎಂಬ ಕೋಟೆಯಂಥ ಕಾರ್ಖಾನೆಯನ್ನು ಸೇರುತ್ತಾಳೆ. ಒಳಗೆ ಬಣ್ಣಬಣ್ಣದ ಆಟದ ಜಗತ್ತು. ಅಲ್ಲಿನ ಕೋಳಿಗಳ ಕೊರಳಿಗೆ ಮನಸ್ಸನ್ನು ಸದಾ ಹರ್ಷದಲ್ಲಿಡುವ ಪಟ್ಟಿ. ಹೆದರಿದ ಕೋಳಿಯ ಮಾಂಸ ಗಡುಸಾಗುತ್ತದೆ, ಆದುದರಿಂದ ನಗುನಗುತ್ತಲೇ ಅವು ಯಂತ್ರದ ಬಾಯಿಗೆ ನಡೆಯಬೇಕು ಎಂಬುದು ಒಡೆಯರ ಸಿದ್ಧಾಂತ. ಈ ಸಿದ್ಧಾಂತದ ಕರ್ತೃ ಡಾಕ್ಟರ್ ಫ್ರೈ. ಅವನ ಹೆಂಡತಿಯಾಗಿ, ಕಾರ್ಖಾನೆಯ ಒಡತಿಯಾಗಿ ಮರಳಿ ಬಂದವಳು ಶ್ರೀಮತಿ ಟ್ವೀಡಿ. ಹಿಂದೆ ಸೆರೆಯಿಂದ ಹೊರಬಿದ್ದವರು ಈ ಸಲ ಸೆರೆಯೊಳಕ್ಕೆ ನುಗ್ಗಬೇಕಾಗುತ್ತದೆ.

ಈ ಕಥಾವಸ್ತುವನ್ನು ತೀರ ಸಾಮಾನ್ಯವೆಂದು ತಳ್ಳಿಹಾಕಿದ ವಿಮರ್ಶೆಗಳಿವೆ. ನಮಗೆ ಅದು ನ್ಯಾಯವೆಂದು ತೋರುವುದಿಲ್ಲ. ಮೇಲೆ ಹೇಳಿದ ಸೂತ್ರದಂತೆ, ಪೂರ್ವಭಾಗವು ಕೇಳದೆ ಬಿಟ್ಟ ಎರಡು ಪ್ರಶ್ನೆಗಳನ್ನು ಇದು ನಿಜವಾಗಿಯೂ ಕೇಳುತ್ತದೆ. ಮೊದಲನೆಯದು: ಬಿಡುಗಡೆಯನ್ನು ಪಡೆದವರು ಆಮೇಲೆ ಏನಾಗುತ್ತಾರೆ? ಎಲ್ಲರೂ ಪಾರಾಗಬೇಕೆಂದು ಹಠ ಹಿಡಿದಿದ್ದ ಜಿಂಜರ್, ತನ್ನವರು ಪಾರಾದರೆ ಸಾಕೆಂಬ ಸ್ಥಿತಿಗೆ ಬಂದಿದ್ದಾಳೆ. ಮಗಳ ಪಾಲಿಗೆ ದ್ವೀಪದ ಸುತ್ತಣ ನೀರೇ ಬೇಲಿ; ತಾಯಿಯೇ ಕಾವಲುಗಾರ್ತಿ. ಹೋರಾಡಿ ಸ್ವಾತಂತ್ರ್ಯವನ್ನು ಗಳಿಸಿದ ತಲೆಮಾರಿಗೂ ಅದರಲ್ಲಿಯೇ ಹುಟ್ಟಿದ ತಲೆಮಾರಿಗೂ ನಡುವೆ ಏಳುವ ಈ ತಿಕ್ಕಾಟವನ್ನು ಚರಿತ್ರೆಯ ವಿದ್ಯಾರ್ಥಿಗಳು ಅನೇಕ ದೇಶಗಳಲ್ಲಿ ಕಂಡಿದ್ದಾರೆ. ಎರಡನೆಯದು: ಸೆರೆಯು ಸುಖದ ರೂಪದಲ್ಲಿ ಬಂದರೆ ಅದನ್ನು ಗುರುತಿಸುವುದು ಹೇಗೆ? ಮೊದಲ ಚಿತ್ರದಲ್ಲಿ ಬ್ಯಾಬ್ಸ್ ಒಂಟಿಸೆರೆಯನ್ನು ರಜಾದಿನವೆಂದು ಭ್ರಮಿಸಿದ್ದಳು. ಇಲ್ಲಿ ಸೆರೆಮನೆಯನ್ನೇ ರಜಾಧಾಮವಾಗಿ ಕಟ್ಟಲಾಗಿದೆ. ಹಳೆಯ ನಗೆಮಾತೊಂದು ಹೊಸ ಲೋಕವೊಂದರ ಅಸ್ತಿವಾರವಾಗಿದೆ. ಉತ್ತರಭಾಗವು ಪೂರ್ವಭಾಗದಿಂದ ಪಡೆಯಬಹುದಾದ ಅತ್ಯುತ್ತಮ ಬಳುವಳಿ ಇಂಥದೇ.

ಚರಿತ್ರೆಯ ದೃಷ್ಟಿಯಿಂದಲೂ ಈ ಆಯ್ಕೆ ಸಮಂಜಸವಾದುದು. ಚಿತ್ರವು 1960ರ ದಶಕದಲ್ಲಿ ನಡೆಯುತ್ತದೆ. ಬ್ರಿಟನ್ನಿನಲ್ಲಿ ಮೊಟ್ಟೆಯ ಪಡಿತರ ಕೊನೆಗೊಂಡುದು 1953ರಲ್ಲಿ, ಮಾಂಸದ ಪಡಿತರ 1954ರ ಜುಲೈಯಲ್ಲಿ. ಅದುವರೆಗೆ ಕೋಳಿಯ ಮಾಂಸವು ಹಬ್ಬದ ಊಟವಾಗಿದ್ದಿತು. ಅನಂತರದ ಹತ್ತು ಹದಿನೈದು ವರ್ಷಗಳಲ್ಲಿ ಮಾಂಸಕ್ಕಾಗಿಯೇ ಬೇರೆಯಾಗಿ ತಳಿ ಬೆಳೆಸಿದ ಬ್ರಾಯ್ಲರ್ ಕೋಳಿಗಳ ಉದ್ಯಮವು ಬೆಳೆದು, ಅದನ್ನು ನಿತ್ಯದ ಅಗ್ಗದ ಆಹಾರವನ್ನಾಗಿ ಮಾಡಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ರಾಬರ್ಟ್ ಬೇಕರ್ ಅವರು, ಮೂಳೆಯಿಲ್ಲದ ಕೋಳಿಮಾಂಸವನ್ನು ಅರೆದು ಒಂದಾಗಿ ಅಂಟಿಸಿ ಹಿಟ್ಟಿನ ಹೊದಿಕೆ ಕೊಡುವ ವಿಧಾನವನ್ನು ರೂಪಿಸಿದುದು 1960ರ ದಶಕದ ಮೊದಲಲ್ಲಿಯೇ. ಇಂದಿನ ‘ನಗೆಟ್’ ಅದರ ಸಂತತಿ. 1964ರಲ್ಲಿ ರೂತ್ ಹ್ಯಾರಿಸನ್ ಅವರ ‘ಅನಿಮಲ್ ಮೆಷೀನ್ಸ್’ ಪ್ರಕಟವಾಗಿ, ಹೊಸ ಸಾಕಣೆಯ ಕ್ರೌರ್ಯವನ್ನು ಜನರ ಮುಂದಿಟ್ಟಿತು. ಸರ್ಕಾರವು ನೇಮಿಸಿದ ಬ್ರಾಂಬೆಲ್ ಸಮಿತಿಯು 1965ರಲ್ಲಿ ಕೊಟ್ಟ ವರದಿಯಲ್ಲಿ, ಸಾಕಿದ ಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ನೇವರಿಸಿಕೊಳ್ಳಲು, ಅಂಗಗಳನ್ನು ಚಾಚಲು ಅವಕಾಶವಿರಬೇಕೆಂದು ಹೇಳಿತು. ಇಷ್ಟನ್ನೂ ಸಮಿತಿಯೊಂದು ವಿಧಿಸಿ ಹೇಳಬೇಕಾಗಿ ಬಂದಿತೆಂಬುದೇ ಆ ಕಾಲದ ಸ್ಥಿತಿಗೆ ಸಾಕ್ಷಿ. ಮೊಟ್ಟೆಯ ಲೆಕ್ಕದ ಪುಸ್ತಕ ಹಿಡಿದ ಟ್ವೀಡಿಯಿಂದ ನಗೆಟ್ ಕಾರ್ಖಾನೆಯ ಟ್ವೀಡಿಯವರೆಗಿನ ನಡಿಗೆಯು, ಬ್ರಿಟನ್ನಿನ ಕೋಳಿಸಾಕಣೆಯೇ ನಡೆದ ದಾರಿ.

5

ಇಷ್ಟೊಂದು ಬಂಡವಾಳವಿದ್ದೂ ಚಿತ್ರವು ಪೂರ್ವಭಾಗದ ಎತ್ತರವನ್ನು ಮುಟ್ಟುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯ ಕಾರಣ ಕೊರಳಪಟ್ಟಿ. ಸುಖದ ಸೆರೆ ಭಯಂಕರವಾಗುವುದು, ಸೆರೆಯಾದವನು ತನ್ನ ಇಚ್ಛೆಯಿಂದಲೇ ಅದರಲ್ಲಿ ಉಳಿದಾಗ. ಇಲ್ಲಿಯಾದರೋ ಹರ್ಷವು ಯಂತ್ರದಿಂದ ಬರುತ್ತದೆ. ಪಟ್ಟಿ ಕಳಚಿತೆಂದರೆ ಮೋಹವೂ ಕಳಚಿತು. ಮೊದಲ ಚಿತ್ರದಲ್ಲಿ ಜಿಂಜರ್ ಮಾತಿನಿಂದ, ಸೋಲಿನಿಂದ, ಮತ್ತೆ ಮಾತಿನಿಂದ ಸಾಧಿಸಬೇಕಾಗಿದ್ದುದನ್ನು ಇಲ್ಲಿ ಒಂದು ಕೊಂಡಿಯನ್ನು ಬಿಚ್ಚಿ ಸಾಧಿಸಬಹುದು. ಒಪ್ಪಿಸಬೇಕಾದ ಮನಸ್ಸೇ ಇಲ್ಲದ ಕಡೆ ನಾಯಕಿಯ ವಾಕ್ಕಿಗೆ ಕೆಲಸವೇನು? ಮೋಲಿ ಮತ್ತು ಫ್ರಿಜಲ್ ಮೊದಲು ಆ ಲೋಕಕ್ಕೆ ಮರುಳಾಗುವುದು ಪಟ್ಟಿಯಿಂದಲ್ಲ, ತಮ್ಮ ಆಸೆಯಿಂದ. ಆ ಕೆಲವೇ ನಿಮಿಷಗಳಲ್ಲಿ ಚಿತ್ರವು ತನ್ನ ನಿಜವಾದ ವಸ್ತುವನ್ನು ಮುಟ್ಟುತ್ತದೆ. ಆಮೇಲೆ ಅದನ್ನು ಯಂತ್ರದ ಕೈಗೆ ಒಪ್ಪಿಸಿಬಿಡುತ್ತದೆ.

ಎರಡನೆಯ ಕಾರಣ, ಅನುಕರಣಕ್ಕಾಗಿ ಆರಿಸಿಕೊಂಡ ಮೂಲ. ಹೊಸ ಚಿತ್ರದ ಹಾಸ್ಯವು 1962ರ ‘ಡಾಕ್ಟರ್ ನೋ’ ಚಿತ್ರದಿಂದ ಮೊದಲಾದ ಜೇಮ್ಸ್ ಬಾಂಡ್ ಪರಂಪರೆಯನ್ನೂ, ಅಭೇದ್ಯವಾದ ಕೋಟೆಗೆ ಕನ್ನ ಹಾಕುವ ಸಾಹಸಕಥೆಗಳನ್ನೂ ಅಣಕಿಸುತ್ತದೆ. ಖಳನ ಗುಪ್ತದುರ್ಗ, ಯಂತ್ರಮಯವಾದ ಕಾವಲು, ಹುಚ್ಚು ವಿಜ್ಞಾನಿ, ಇವೆಲ್ಲ ಅಲ್ಲಿಂದ ಬಂದವು. ಆದರೆ ಬಾಂಡ್ ಚಿತ್ರಗಳು ತಮ್ಮನ್ನು ತಾವೇ ಅರ್ಧ ಅಣಕಿಸಿಕೊಳ್ಳುವಂಥವು. ಅವುಗಳ ಹಿಂದೆ ಯಾರ ಮನೆಯ ಸಾವೂ ಇಲ್ಲ. ಆಭಾಸಕ್ಕೆ ಮೂಲರಸವೊಂದು ಬೇಕು. ಇಲ್ಲಿ ಮೂಲವೇ ಆಭಾಸ. 23 ವರ್ಷಗಳಲ್ಲಿ ಯುದ್ಧದ ನೆನಪು ಮಾಸಿದೆ, ಇಂದಿನ ಮಕ್ಕಳಿಗೆ ಶಿಬಿರದ ಕಥೆಗಳು ತಿಳಿಯವು, ಆದುದರಿಂದ ಬೇರೆ ದಾರಿಯಿರಲಿಲ್ಲ ಎಂದು ವಾದಿಸಬಹುದು. ಈ ವಾದ ನಿಲ್ಲುವುದಿಲ್ಲ. 1960ರ ದಶಕದ ಬ್ರಿಟನ್ ತನ್ನದೇ ಆದ ಸೆರೆಯ ಕಥೆಯನ್ನು ಹೇಳಿಕೊಂಡಿದೆ. 1967ರಲ್ಲಿ ಆರಂಭವಾದ ‘ದಿ ಪ್ರಿಸನರ್’ ಎಂಬ ದೂರದರ್ಶನ ಧಾರಾವಾಹಿಯಲ್ಲಿ ನಾಯಕನು ಸೆರೆಯಾಗಿರುವುದು ಚೆಲುವಾದ, ಸದಾ ನಗೆಮೊಗದ ಹಳ್ಳಿಯೊಂದರಲ್ಲಿ. ಅಲ್ಲಿ ಯಾರು ಕೈದಿ, ಯಾರು ಕಾವಲುಗಾರ ಎಂಬುದೇ ತಿಳಿಯದು. ಫನ್-ಲ್ಯಾಂಡಿನ ಹೊರನೋಟ ಅದನ್ನು ನೆನಪಿಗೆ ತರುತ್ತದೆ. ಆದರೆ ಆ ಹಳ್ಳಿಯ ಸಂಶಯ, ಏಕಾಂತ, ನಗೆಯೊಳಗಿನ ಭೀತಿ, ಇವು ಒಳಕ್ಕೆ ಬಂದಿಲ್ಲ.

ಮೂರನೆಯ ಕಾರಣ ಸಾವಿನ ಗೈರುಹಾಜರಿ. ಯಂತ್ರವು ಸಾವಿರಾರು ಕೋಳಿಗಳಿಗೆ ಬಾಯಿ ತೆರೆದು ಕುಳಿತಿದೆಯೆಂದು ನಮಗೆ ಹೇಳಲಾಗುತ್ತದೆ. ಆದರೆ ಎಡ್ವಿನಾಳಂತೆ ಹೆಸರಿದ್ದ, ನಿನ್ನೆ ಪಕ್ಕದಲ್ಲಿ ಕುಳಿತಿದ್ದ ಒಬ್ಬಳನ್ನು ಕಳೆದುಕೊಂಡ ಅನುಭವ ನಮಗಾಗುವುದಿಲ್ಲ. ಸಾವಿರದ ಲೆಕ್ಕವು ಎಂದಿಗೂ ಒಬ್ಬಳ ಸಾವಿಗೆ ಸಮನಾಗದೆಂಬುದು ಚರಿತ್ರೆಯನ್ನು ಬೋಧಿಸುವವರೆಲ್ಲರಿಗೂ ತಿಳಿದ ವಿಷಯ. ಗಂಡಾಂತರವು ದೊಡ್ಡದಾಯಿತು, ಆದರೆ ಹತ್ತಿರವಾಗಲಿಲ್ಲ.

ಕಂಠದಾನದ ಬದಲಾವಣೆಯನ್ನು ನಾವು ನಾಲ್ಕನೆಯ ಕಾರಣವಾಗಿ ಎಣಿಸುವುದಿಲ್ಲ. ಆದರೂ ಅದನ್ನು ಹೇಳದೆ ಬಿಡುವಂತಿಲ್ಲ. ಜಿಂಜರ್‌ಗೆ ಮೊದಲು ದನಿ ಕೊಟ್ಟ ಜೂಲಿಯಾ ಸವಾಲಾ ಅವರು, ತಮ್ಮ ದನಿಗೆ ವಯಸ್ಸಾಯಿತೆಂಬ ಕಾರಣದಿಂದ ತಮ್ಮನ್ನು ಕೈಬಿಡಲಾಯಿತೆಂದು 2020ರಲ್ಲಿ ಬಹಿರಂಗವಾಗಿ ಹೇಳಿದರು. ಅವರ ಸ್ಥಾನಕ್ಕೆ ಥಾಂಡಿವೆ ನ್ಯೂಟನ್, ಮೆಲ್ ಗಿಬ್ಸನ್ ಅವರ ಸ್ಥಾನಕ್ಕೆ ಜಕಾರಿ ಲೀವೈ ಬಂದರು. ಶ್ರೀಮತಿ ಟ್ವೀಡಿಯಾಗಿ ಮಿರಾಂಡಾ ರಿಚರ್ಡ್‌ಸನ್ ಮುಂದುವರಿದರು. ನ್ಯೂಟನ್ ಅವರ ನಿರ್ವಹಣೆಯಲ್ಲಿ ಲೋಪವೇನೂ ಇಲ್ಲ. ಆದರೆ ತಾಯಿಯಾಗಿ, ಭಯವನ್ನು ಕಲಿತು, ಹಳೆಯ ಕೆಚ್ಚನ್ನು ಮರೆತ ಜಿಂಜರ್‌ಗೆ ಸ್ವಲ್ಪ ಮಾಗಿದ ದನಿಯೇ ಒಪ್ಪುತ್ತಿತ್ತಲ್ಲವೆ? ವಯಸ್ಸಾಗುವುದನ್ನೇ ವಸ್ತುವಾಗಿ ಆರಿಸಿಕೊಂಡ ಚಿತ್ರವು ದನಿಯ ವಯಸ್ಸಿಗೆ ಅಂಜಿದುದು ಅದರ ಒಟ್ಟು ಸ್ವಭಾವಕ್ಕೆ ಒಂದು ಸಂಕೇತದಂತಿದೆ. ಒಳ್ಳೆಯ ವಿಚಾರವು ಹೊಳೆಯುತ್ತದೆ. ಅದನ್ನು ಕೊನೆಯವರೆಗೆ ನಂಬುವ ಧೈರ್ಯ ಸಾಲದೆ ಹೋಗುತ್ತದೆ.

6

ಉತ್ತರಭಾಗವೆಂದ ಮೇಲೆ ಇಳಿತ ಅನಿವಾರ್ಯವಲ್ಲವೆ ಎಂದು ಯಾರಾದರೂ ಕೇಳಿದರೆ, ಅನಿಮೇಷನ್ ಹಾಸ್ಯಚಿತ್ರಗಳ ಕ್ಷೇತ್ರದಲ್ಲಿಯೇ ಇದಕ್ಕೆ ಪ್ರತ್ಯುದಾಹರಣೆಯಿದೆ. ಪಿಕ್ಸಾರ್ ಸಂಸ್ಥೆಯ ‘ಟಾಯ್ ಸ್ಟೋರಿ’ (1995) ಪೂರ್ಣವಾಗಿ ಗಣಕಯಂತ್ರದಿಂದ ರಚಿತವಾದ ಮೊದಲ ಪೂರ್ಣಪ್ರಮಾಣದ ಚಿತ್ರ. ಅದರ ಉತ್ತರಭಾಗವನ್ನು ಮೊದಲಿಗೆ ಚಿತ್ರಮಂದಿರಕ್ಕಾಗಿ ಅಲ್ಲ, ಮನೆಯ ವಿಡಿಯೋಗಾಗಿ ಯೋಜಿಸಲಾಗಿತ್ತು. ಆದರೂ 1999ರಲ್ಲಿ ತೆರೆಗೆ ಬಂದ ‘ಟಾಯ್ ಸ್ಟೋರಿ 2’ ಪೂರ್ವಭಾಗಕ್ಕೆ ಹೆಗಲೆಣೆಯಾಗಿ ನಿಂತಿತು. ಮೊದಲ ಚಿತ್ರವು, ತಾನು ಆಟಿಕೆಯೆಂಬುದನ್ನು ಒಪ್ಪಿಕೊಳ್ಳುವುದು ಹೇಗೆಂದು ಕೇಳಿತ್ತು. ಎರಡನೆಯದು, ಆಡುವ ಮಗು ಬೆಳೆದುಹೋಗುವುದೆಂದು ತಿಳಿದ ಮೇಲೆಯೂ ಆಟಿಕೆಯಾಗಿರುವುದು ಹೇಗೆಂದು ಕೇಳಿತು. ಗಾಜಿನ ಪೆಟ್ಟಿಗೆಯೊಳಗೆ ಸವೆಯದೆ, ಯಾರ ಪ್ರೀತಿಯೂ ಇಲ್ಲದೆ ಚಿರಕಾಲ ಉಳಿಯುವ ಸುಖವನ್ನು ಅಲ್ಲಿನ ನಾಯಕನ ಮುಂದಿಡಲಾಗುತ್ತದೆ. ಅವನ ಕೊರಳಿಗೆ ಯಾರೂ ಪಟ್ಟಿ ಕಟ್ಟುವುದಿಲ್ಲ. ಅವನು ತಾನೇ ಯೋಚಿಸಿ, ಒಮ್ಮೆ ಆ ಸುಖವನ್ನು ಒಪ್ಪಿ, ಆಮೇಲೆ ತಾನೇ ನಿರಾಕರಿಸುತ್ತಾನೆ. ವ್ಯತ್ಯಾಸವಿರುವುದು ಇಲ್ಲಿಯೇ.

ಇಷ್ಟು ಹೇಳಿದ ಮೇಲೆ ‘ಡಾನ್ ಆಫ್ ದಿ ನಗೆಟ್’ನ ಗುಣಗಳನ್ನೂ ಹೇಳುವುದು ವಿಮರ್ಶಕನ ಕರ್ತವ್ಯ. ಗೊಂಬೆಗಳ ಮುಖದಲ್ಲಿ ಅರೆಕ್ಷಣ ಮಿನುಗಿ ಮಾಯವಾಗುವ ಭಾವಗಳು, ಹಿನ್ನೆಲೆಯ ಮೂಲೆಯಲ್ಲಿ ಅಡಗಿಸಿಟ್ಟ ಹಾಸ್ಯ, ಬ್ಯಾಬ್ಸಳ ಮುಗ್ಧತೆ, ಇವು ಆರ್ಡ್‌ಮನ್ನರ ಹಳೆಯ ಕೈಚಳಕಕ್ಕೆ ಕುಂದು ತಂದಿಲ್ಲ. 2005ರ ಅಕ್ಟೋಬರಿನಲ್ಲಿ ಬ್ರಿಸ್ಟಲ್ಲಿನ ಉಗ್ರಾಣಕ್ಕೆ ಬಿದ್ದ ಬೆಂಕಿಯಲ್ಲಿ ಹಿಂದಿನ ಚಿತ್ರಗಳ ಅನೇಕ ಗೊಂಬೆಗಳನ್ನೂ ರಂಗಸಜ್ಜುಗಳನ್ನೂ ಕಳೆದುಕೊಂಡ ಸಂಸ್ಥೆಯು, ಅದೇ ಲೋಕವನ್ನು ಮತ್ತೆ ಕೈಯಾರೆ ಕಟ್ಟಿತೆಂಬುದು ಸಾಮಾನ್ಯ ಸಾಹಸವಲ್ಲ. 2024ರ ಬಾಫ್ಟಾ ಪ್ರಶಸ್ತಿಗಳ ಅನಿಮೇಷನ್ ವಿಭಾಗದಲ್ಲಿ ಇದು ನಾಮನಿರ್ದೇಶನವನ್ನು ಪಡೆಯಿತು. ಕಥೆಯ ಕೊನೆಯ ಭಾಗದಲ್ಲಿ, ತಾವು ಮಾತ್ರ ಪಾರಾಗಿ ಉಳಿದವರನ್ನು ಬಿಟ್ಟುಹೋಗಲಾಗದೆಂಬ ಅರಿವು ಮಗಳ ಕಡೆಯಿಂದ ತಾಯಿಗೆ ಬರುತ್ತದೆ. ಜಿಂಜರ್ ತಾನು ಒಮ್ಮೆ ಕಲಿಸಿದ ಪಾಠವನ್ನು ತಾನೇ ಮರೆತು, ಅದನ್ನು ಕಲಿಸಿಕೊಡಲಾಗದಿದ್ದ ಮಗಳಿಂದ ಮರಳಿ ಪಡೆಯುತ್ತಾಳೆ. ಚಿತ್ರದ ಅತ್ಯಂತ ಬೆಲೆಯುಳ್ಳ ಸನ್ನಿವೇಶ ಇದು. ಸಾಹಸದ ಗದ್ದಲದಲ್ಲಿ ಇದು ಬೇಗ ಕರಗಿಹೋಗುತ್ತದೆಂಬುದೊಂದೇ ನಮ್ಮ ಆಕ್ಷೇಪಣೆ.

ಆದುದರಿಂದ ನಮ್ಮ ನಿರ್ಣಯವಿಷ್ಟು. ಉತ್ತರಭಾಗವು ಪೂರ್ವಭಾಗಕ್ಕೆ ಸರಿದೊರೆಯಲ್ಲ. ಆದರೆ ಸರಿದೊರೆಯಾಗಬಲ್ಲ ವಿಚಾರ ಅದಕ್ಕೆ ಸಿಕ್ಕಿತ್ತು. ಒಂದು ದೃಷ್ಟಿಯಿಂದ ಅದು ಪೂರ್ವಭಾಗದ ವಿಚಾರಕ್ಕಿಂತ ಹಿರಿದಾದುದೇ. ಮುಳ್ಳುತಂತಿಯ ಸೆರೆಯನ್ನು ಗುರುತಿಸುವುದಕ್ಕಿಂತ ಬಣ್ಣದ ಸೆರೆಯನ್ನು ಗುರುತಿಸುವುದು ಕಷ್ಟ. ಸ್ವಾತಂತ್ರ್ಯವನ್ನು ಗಳಿಸುವುದಕ್ಕಿಂತ, ಗಳಿಸಿದ ಮೇಲೆ ಅದರ ಬಾಗಿಲನ್ನು ಇತರರಿಗೂ ತೆರೆದಿಡುವುದು ಕಷ್ಟ. ಹಿರಿಯ ವಿಚಾರವನ್ನು ಕೈಯಲ್ಲಿ ಹಿಡಿದ ಕಿರಿಯ ಚಿತ್ರವೆಂದು ಇದನ್ನು ಕರೆಯಬಹುದು. ತರಗತಿಯಲ್ಲಿ ಇವೆರಡನ್ನೂ ಒಟ್ಟಿಗೆ ತೋರಿಸುವ ಅವಕಾಶವಿರುವ ಅಧ್ಯಾಪಕರು ಹಾಗೆ ಮಾಡಬೇಕೆಂದು ನಾವು ಸೂಚಿಸುತ್ತೇವೆ. ಮೊದಲನೆಯದು, ಒಂದು ಜನಾಂಗವು ತನ್ನ ಕಷ್ಟದ ದಿನಗಳನ್ನು ನಗುತ್ತ ನೆನೆಯಲು ಎಷ್ಟು ವರ್ಷ ಬೇಕು, ಆ ನಗೆಗೆ ಎಷ್ಟು ಬೆಲೆ ತೆರಬೇಕು ಎಂಬುದನ್ನು ತೋರಿಸುತ್ತದೆ. ಎರಡನೆಯದರ ಎಡವಿಕೆಯಿಂದಲೂ ಕಲಿಯಬೇಕಾದುದುಂಟು. ಹಿಂದಿನ ತಲೆಮಾರಿನ ನೆನಪಿನ ಮೇಲೆ ನಿಂತ ಕೃತಿಗೆ ಮುಂದಿನ ತಲೆಮಾರಿನವರು ಉತ್ತರಭಾಗವನ್ನು ಬರೆಯಬೇಕಾದರೆ, ಹಳೆಯ ಗೊಂಬೆಗಳನ್ನು ಹೊಸದಾಗಿ ಮಾಡಿಕೊಂಡರೆ ಸಾಲದು. ತಮ್ಮ ಕಾಲದ ನೋವು ಯಾವುದೆಂಬುದನ್ನೂ ತಾವೇ ಕಂಡುಕೊಳ್ಳಬೇಕು.